ಬ್ಲ್ಯಾಕ್ ಪೌಡರ್: ವರ್ಷಗಟ್ಟಲೆ ಆಡಿದವನ ಮಾತು

ಬ್ಲ್ಯಾಕ್ ಪೌಡರ್ ಅಂದರೆ ಮೇಜಿನ ಮೇಲೆ ಬೊಂಬೆ ಸೈನಿಕರನ್ನಿಟ್ಟು ಆಡುವ ಯುದ್ಧದ ಆಟ. ಸೇನಾಪತಿ ಹೇಳಿದ್ದನ್ನೆಲ್ಲ ಸೈನ್ಯ ಕೇಳುತ್ತದೆ ಅಂದುಕೊಂಡವರಿಗೆ ಈ ಆಟ ಹಿಡಿಸುವುದಿಲ್ಲ. ನನಗೆ ಹಿಡಿಸಿದ್ದೇ ಅದು.

ರಿಕ್ ಪ್ರೀಸ್ಟ್ಲಿ ಮತ್ತು ಜರ್ವಿಸ್ ಜಾನ್ಸನ್ ಬರೆದ ಈ ನಿಯಮಗಳು 2009ರಲ್ಲಿ ಬಂದವು. ಇಂಗ್ಲೆಂಡಿನ ನಮ್ಮ ಕ್ಲಬ್ಬಿನಲ್ಲಿ ಈಗ ಬಳಸುವುದು 2018ರ ಎರಡನೇ ಆವೃತ್ತಿ. ನಾವು ಆಡುವುದು ನೆಪೋಲಿಯನ್ ಕಾಲದ ಯುದ್ಧ, 28 ಮಿಲಿಮೀಟರ್ ಬೊಂಬೆಗಳಲ್ಲಿ.

ಮೊದಲು ಆಜ್ಞೆಯನ್ನು ಬಾಯಿಬಿಟ್ಟು ಹೇಳಬೇಕು: 'ಈ ದಳ ಬೇಲಿ ದಾಟಿ ತೋಟದ ಮನೆ ತನಕ ಹೋಗಲಿ.' ಆಮೇಲೆ ಎರಡು ದಾಳ ಉರುಳಿಸಿ ಕೂಡಿಸಬೇಕು. ನಿಮ್ಮ ಸೇನಾಪತಿಯ ಸಾಮರ್ಥ್ಯದ ಅಂಕ 8 ಅಂತಿಟ್ಟುಕೊಳ್ಳಿ. 7 ಅಥವಾ 8 ಬಿದ್ದರೆ ಒಂದು ನಡೆ, 6 ಬಿದ್ದರೆ ಎರಡು, 5 ಅಥವಾ ಅದಕ್ಕಿಂತ ಕಡಿಮೆಯಾದರೆ ಮೂರು. 9 ಅಥವಾ ಅದಕ್ಕಿಂತ ಹೆಚ್ಚು ಬಿತ್ತೋ, ದಳ ನಿಂತಲ್ಲೇ ನಿಲ್ಲುತ್ತದೆ, ಆ ಸರದಿಗೆ ಆ ಸೇನಾಪತಿಯ ಬಾಯಿಯೂ ಬಂದ್. ಎರಡೂ ಆರು ಬಿದ್ದರೆ ಇನ್ನೂ ಮಜಾ: ಆಜ್ಞೆ ಎಡವಟ್ಟಾಗಿ ದಳ ಹಿಂದಕ್ಕೋ ಪಕ್ಕಕ್ಕೋ ಹೊರಟುಬಿಡಬಹುದು. ಮೇಜಿನ ಸುತ್ತ ಅತಿ ಜೋರಾಗಿ ನಗು ಕೇಳುವುದು ಆಗಲೇ. ಎದುರಾಳಿಗಿಂತ ನಮ್ಮ ಕಡೆಯವರೇ ಜಾಸ್ತಿ ನಗುತ್ತಾರೆ.

ಆದರೆ ದಾಳ ಕೈಕೊಟ್ಟ ದಿನ ಬೇಜಾರಾಗುತ್ತದೆ, ಸುಳ್ಳು ಹೇಳುವುದಿಲ್ಲ. ಇಡೀ ಸಂಜೆ ಒಂದು ಬ್ರಿಗೇಡ್ (ಹಲವು ದಳಗಳ ಗುಂಪು) ಅಲುಗಾಡದೆ ನಿಂತದ್ದೂ ಇದೆ. ಅದಕ್ಕೇ ಒಬ್ಬೊಬ್ಬರಿಗೆ ಒಂದೇ ಬ್ರಿಗೇಡ್ ಕೊಡುವ ಬದಲು ಎರಡೆರಡು ಕೊಡುತ್ತೇವೆ. ಇನ್ನೊಂದು ತೊಡಕು ಜಾಗದ್ದು. ಕಾಲಾಳಿನ ಒಂದು ನಡೆ 12 ಇಂಚು. ಮೂರು ನಡೆ ಸಿಕ್ಕರೆ 36. ಆರಡಿ ಉದ್ದ, ನಾಲ್ಕಡಿ ಅಗಲದ ಮೇಜಿಗೆ ಇದು ಅತಿಯಾಯಿತು. ನಾವು ಎಲ್ಲ ಅಳತೆಯನ್ನೂ ಅರ್ಧ ಮಾಡಿಕೊಂಡಿದ್ದೇವೆ, ಸರಿಹೋಗಿದೆ. ನಿಯಮದ ಸಂದುಗೊಂದು ಹುಡುಕಿ ಗೆಲ್ಲುವವರ ಜೊತೆ ಮಾತ್ರ ಇದನ್ನು ಆಡಬೇಡಿ. ಎಷ್ಟೋ ವಿಷಯವನ್ನು ಆಟಗಾರರೇ ಮಾತಾಡಿಕೊಂಡು ತೀರ್ಮಾನಿಸಬೇಕು.

ಕುದುರೆ ಸವಾರರು ಬಂದರೆ ಕಾಲಾಳು ನಾಲ್ಕೂ ಕಡೆಗೆ ಮುಖ ಮಾಡಿ ಚೌಕ ಕಟ್ಟಬೇಕು, ಚೌಕ ಕಟ್ಟಿದವರು ಫಿರಂಗಿಗೆ ಸುಲಭದ ಗುರಿ. 1815ರ ಜೂನ್ 18ರಂದು ವಾಟರ್‌ಲೂನಲ್ಲಿ ನೆಪೋಲಿಯನ್‌ನ ಸೇನಾನಿ ನೇಯ್ ಕುದುರೆಗಳನ್ನು ಮತ್ತೆ ಮತ್ತೆ ಚೌಕಗಳ ಮೇಲೆ ನುಗ್ಗಿಸಿದ. ಒಡೆಯಲಾಗಲಿಲ್ಲ. ಯಾಕೆ ಅಂತ ನನಗೆ ಓದಿ ಗೊತ್ತಿತ್ತು, ಮೇಜಿನ ಮುಂದೆ ನಿಂತಾಗ ಕೈಗೆ ತಿಳಿಯಿತು.

ನಾನು ಬಣ್ಣ ಬಳಿದದ್ದು ಬ್ರಿಟಿಷರ 33ನೇ ರೆಜಿಮೆಂಟಿಗೆ. ಇದಕ್ಕೆ ಕಾರಣವಿದೆ. ವಾಟರ್‌ಲೂನಲ್ಲಿ ಸೇನಾನಿ ಹಾಲ್ಕೆಟ್‌ನ ಬ್ರಿಗೇಡಿನಲ್ಲಿದ್ದ ಇದೇ ರೆಜಿಮೆಂಟು 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೂ ಬಂದಿತ್ತು. ಅಲ್ಲಿ ಸುಲ್ತಾನ್‌ಪೇಟೆಯ ಮರದ ತೋಪಿನ ಮೇಲೆ ಈ ರೆಜಿಮೆಂಟಿನೊಡನೆ ರಾತ್ರಿ ದಾಳಿಗೆ ಹೊರಟ ವೆಲ್ಲೆಸ್ಲಿ ಕತ್ತಲಲ್ಲಿ ದಿಕ್ಕುತಪ್ಪಿ ಹಿಂದಿರುಗಿದ್ದ. ಮುಂದೆ ವಾಟರ್‌ಲೂ ಗೆದ್ದ ವೆಲ್ಲಿಂಗ್ಟನ್ ಆದದ್ದು ಇವನೇ. ನನ್ನ 33ನೆಯವರು ಆಜ್ಞೆ ಕೇಳದಿದ್ದಾಗಲೆಲ್ಲ ಈ ಕಥೆ ಹೇಳುತ್ತೇನೆ. ಕ್ಲಬ್ಬಿನವರಿಗೆ ಈಗ ಬಾಯಿಪಾಠವಾಗಿದೆ.

ಖರ್ಚು ಪುಸ್ತಕಕ್ಕಲ್ಲ, ಬೊಂಬೆಗಳಿಗೆ. ಹಣಕ್ಕಿಂತ ಸಮಯ ಜಾಸ್ತಿ ಹೋಗುತ್ತದೆ: ಬಿಳಿ ಪಟ್ಟಿ, ಗುಂಡಿ, ಚೀಲ, ಎಲ್ಲಕ್ಕೂ ಕುಂಚ ಹಿಡಿಯಬೇಕು. ಸೇರುವವರು ಸೈನ್ಯ ಸಿದ್ಧವಾಗಲಿ ಅಂತ ಕಾಯಬೇಡಿ. ಕ್ಲಬ್ಬುಗಳಲ್ಲಿ ಬೊಂಬೆ ಕಡ ಕೊಡುವವರು ಸಿಗುತ್ತಾರೆ, ಬರಿಗೈಲಿ ಹೋಗಿ.