ಇಂಪ್ಯಾಕ್ಟ್ ಡ್ರೈವರ್: ಕೊಟ್ಟ 650 ರೂಪಾಯಿಗೆ ಮೋಸವಿಲ್ಲ, ಬಿಟ್ ಮಾತ್ರ ಬೇರೆ ತಗೊಳ್ಳಿ

ಹ್ಯಾಂಡಲ್‌ಬಾರ್ ಬದಲಾಯಿಸುವುದು ಒಂದು ಬೆಳಗಿನ ಕೆಲಸ ಅಂದುಕೊಂಡಿದ್ದೆ. ಎರಡು ಭಾನುವಾರ ಹಿಡಿಯಿತು. ಹೊಸ ಬಾರ್ ಕೂರಿಸುವುದಕ್ಕೆ ಹೆಚ್ಚೆಂದರೆ ಎರಡು ಗಂಟೆ. ಉಳಿದ ಸಮಯವೆಲ್ಲ ಹಳೆಯದನ್ನು ಬಿಚ್ಚುವುದರಲ್ಲೇ ಹೋಯ್ತು, ಅದೂ ಬರೀ ನಾಲ್ಕೈದು ಸ್ಕ್ರೂ, ಬೋಲ್ಟ್‌ಗಳ ಹಟದಿಂದ. ಆ ಹಟ ಮುರಿದದ್ದು ಇಂಪ್ಯಾಕ್ಟ್ ಡ್ರೈವರ್, ಅಂದರೆ ಸುತ್ತಿಗೆಯಲ್ಲಿ ಹೊಡೆದರೆ ಸ್ಕ್ರೂ ತಿರುಗಿಸುವ ಉಪಕರಣ.

ಬೈಕ್ ಯಾವುದು ಅಂತ ಹೇಳಲ್ಲ, ತಪ್ಪು ಅದರದ್ದಲ್ಲ. ಹತ್ತು ವರ್ಷದ ಗಾಡಿ, ಅದರಲ್ಲಿ ನಾಲ್ಕು ವರ್ಷ ಉಡುಪಿಯಲ್ಲಿ ಹೊರಗೇ ನಿಂತಿತ್ತು. ಸಮುದ್ರದ ಉಪ್ಪು ಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ. ಅಲ್ಯೂಮಿನಿಯಂ ಒಳಗೆ ಕಬ್ಬಿಣದ ಸ್ಕ್ರೂ ಕೂತು ಮೇಲಿಂದ ಉಪ್ಪುನೀರು ಇಳಿದರೆ ಎರಡೂ ಕಚ್ಚಿಕೊಂಡು ಬಿಡುತ್ತವೆ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಬೆಂಗಳೂರಿನಲ್ಲಿದ್ದೇನೆ, ದಿನಾ ಟ್ರಾಫಿಕ್‌ನಲ್ಲಿ ಬಗ್ಗಿ ಕೂತು ಬೆನ್ನು ನೋವು ಶುರುವಾಯ್ತು. ಅದಕ್ಕೇ ಸ್ವಲ್ಪ ಎತ್ತರದ, ನಮ್ಮ ಕಡೆಗೆ ಬಾಗಿದ 22 ಎಂಎಂ ಬಾರ್ ತಂದೆ. ಬಾರ್ ಹಿಡಿದಿಡುವ ಕ್ಲ್ಯಾಂಪ್‌ನ ಅಳತೆ ಹಳೆಯದೇ, ಕೇಬಲ್ ಉದ್ದವೂ ಸಾಲುತ್ತಿತ್ತು.

ಮೊದಲ ಭಾನುವಾರ ಶುರು ಮಾಡಿದ್ದು ಬಾರ್ ಎಂಡ್‌ನಿಂದ, ಅಂದರೆ ಹ್ಯಾಂಡಲ್ ತುದಿಯಲ್ಲಿರುವ ಭಾರದ ಗುಂಡು. ಅದನ್ನು ತೆಗೆಯದೆ ಗ್ರಿಪ್ ಬರಲ್ಲ, ಗ್ರಿಪ್ ಬರದೆ ಸ್ವಿಚ್ ಬರಲ್ಲ. ಮನೆಯಲ್ಲಿದ್ದ ಸ್ಟಾರ್ ಸ್ಕ್ರೂಡ್ರೈವರ್ ಹಿಡಿದು ತಿರುಗಿಸಿದೆ. ಎರಡೇ ಸಲಕ್ಕೆ ಡ್ರೈವರ್ ಮೇಲಕ್ಕೆ ಎಗರಿ, ಸ್ಕ್ರೂ ತಲೆಯಲ್ಲಿದ್ದ ಪ್ಲಸ್ ಗುರುತಿನ ಅಂಚು ಬೆಳ್ಳಗೆ ಸವೆದು ಹೊಳೆಯತೊಡಗಿತು. ಆ ಹೊಳಪು ಕಂಡ ತಕ್ಷಣ ಕೈ ನಿಲ್ಲಿಸಬೇಕು. ನಾನು ನಿಲ್ಲಿಸಲಿಲ್ಲ, ಇನ್ನೊಂದು ಸಲ ನೋಡೋಣ ಅಂತ ಹೋಗಿ ಇನ್ನಷ್ಟು ಕೆಡಿಸಿದೆ. ಆಮೇಲೆ ಗೊತ್ತಾಯ್ತು, ನನ್ನ ಕೈಯಲ್ಲಿದ್ದದ್ದು ನಂಬರ್ 2, ಆ ಸ್ಕ್ರೂಗೆ ಬೇಕಾದದ್ದು ನಂಬರ್ 3. ಮನೆಗಳಲ್ಲಿ ಇರುವುದೇ ನಂಬರ್ 2, ಎಲ್ಲದಕ್ಕೂ ಅದನ್ನೇ ತುರುಕುತ್ತೇವೆ ಅಲ್ವಾ. ಚಿಕ್ಕ ತುದಿ ದೊಡ್ಡ ಗುಳಿಯಲ್ಲಿ ಅಲ್ಲಾಡಿದರೆ ಸವೆಯದೆ ಇನ್ನೇನಾಗುತ್ತೆ.

ತುಕ್ಕು ಬಿಡಿಸುವ ಎಣ್ಣೆ ಡಬ್ಲ್ಯೂಡಿ-40 ಹೊಡೆದು ರಾತ್ರಿಯೆಲ್ಲ ಬಿಟ್ಟೆ. ಏನೂ ಆಗಲಿಲ್ಲ. ಆಗ ಸೋಮವಾರ ಆಫೀಸಿನಿಂದ ಬೇಗ ಹೊರಟು ಎಸ್‌ಪಿ ರಸ್ತೆಗೆ ಹೋದೆ.

ಅಲ್ಲೊಂದು ಟೂಲ್ ಅಂಗಡಿಯಲ್ಲಿ ಸಿಕ್ಕಿದ್ದೇ ಈ ಕೈ ಇಂಪ್ಯಾಕ್ಟ್ ಡ್ರೈವರ್. ಕರೆಂಟಿನದ್ದಲ್ಲ, ಸುತ್ತಿಗೆಯಲ್ಲಿ ಹೊಡೆಯುವಂಥದ್ದು. ಮೇಲೆ ಬ್ರ್ಯಾಂಡ್ ಹೆಸರಿಲ್ಲ. ತಗಡಿನ ಡಬ್ಬಿ, ಒಳಗೆ ಎಣ್ಣೆ ಮೆತ್ತಿದ ದಪ್ಪ ಕಬ್ಬಿಣದ ಹಿಡಿ, ಅರ್ಧ ಇಂಚಿನ ಚೌಕ ತುದಿ, ಬಿಟ್ (ಅಂದರೆ ಸ್ಕ್ರೂ ತಲೆಯೊಳಗೆ ಕೂರುವ ಬಿಡಿ ತುದಿ) ಕೂರಿಸುವ ಹೋಲ್ಡರ್ ಮತ್ತು ನಾಲ್ಕು ಬಿಟ್. 650 ರೂಪಾಯಿ. ಅಂಗಡಿಯವರು ದುಡ್ಡು ಎಣಿಸುತ್ತಲೇ ಹೇಳಿದರು, "ಹಿಡಿ ನಿಮ್ಮ ಮಗನ ಕಾಲಕ್ಕೂ ಬರತ್ತೆ ಸಾರ್, ಇದರ ಜೊತೆ ಬರೋ ಬಿಟ್ ಮಾತ್ರ ನಂಬ್ಬೇಡಿ." ತಮ್ಮ ಮಾಲಿನ ಬಗ್ಗೆ ತಾವೇ ಹೀಗೆ ಹೇಳೋರು ಅಪರೂಪ. ನಾನು ಕೇಳಲಿಲ್ಲ, ಬಿಟ್ ಬೇರೆ ಮಾರೋ ಉಪಾಯ ಅಂದುಕೊಂಡೆ.

ಇದು ಕೆಲಸ ಮಾಡುವ ರೀತಿ ಸರಳ. ಹಿಡಿಯ ಒಳಗೆ ಓರೆಯಾಗಿ ಕೊರೆದ ಜಾಡು ಇದೆ. ತಲೆ ಮೇಲೆ ಸುತ್ತಿಗೆ ಬಿದ್ದಾಗ ಒಳಗಿನ ತುಂಡು ಆ ಓರೆಯಲ್ಲಿ ಜಾರಿ ಸ್ವಲ್ಪ ತಿರುಗುತ್ತದೆ. ಅಂದರೆ ಬಿಟ್ ಸ್ಕ್ರೂ ಒಳಗೆ ಒತ್ತುವುದೂ ತಿರುಗುವುದೂ ಒಂದೇ ಕ್ಷಣಕ್ಕೆ ಆಗುತ್ತದೆ. ಸಾಮಾನ್ಯ ಡ್ರೈವರ್ ಮೇಲಕ್ಕೆ ಎಗರುವುದಕ್ಕೆ ಕಾರಣ ಒತ್ತಡ ಸಾಲದಿರುವುದು, ಇಲ್ಲಿ ಆ ಒತ್ತಡವನ್ನು ಸುತ್ತಿಗೆ ಕೊಡುತ್ತದೆ. ಜೊತೆಗೆ ಆ ಪೆಟ್ಟಿನ ಅದುರಿಗೆ ಥ್ರೆಡ್‌ನಲ್ಲಿ ಕಚ್ಚಿದ ತುಕ್ಕೂ ಒಡೆಯುತ್ತದೆ.

ತಿರುಗುವ ದಿಕ್ಕನ್ನು ಮೊದಲೇ ಹೊಂದಿಸಬೇಕು. ಹಿಡಿಯನ್ನು ಒತ್ತಿ ಎಡಕ್ಕೋ ಬಲಕ್ಕೋ ಹೊರಳಿಸಿದರೆ ಅದು ಆ ಕಡೆಗೆ ಕೂರುತ್ತದೆ. ಪ್ರದಕ್ಷಿಣೆ ಹಾಕಿದರೆ ಬಿಗಿ, ಅಪ್ರದಕ್ಷಿಣೆ ಹಾಕಿದರೆ ಸಡಿಲ, ಇಷ್ಟು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ ಮೊದಲ ಮೂರು ಪೆಟ್ಟು ಉಲ್ಟಾ ದಿಕ್ಕಿಗೆ ಹೊಡೆದು, ಮೊದಲೇ ಬಾರದ ಸ್ಕ್ರೂವನ್ನು ಇನ್ನೂ ಬಿಗಿ ಮಾಡಿದೆ! ಡಬ್ಬಿಯಲ್ಲಿ ಒಂದು ಚೀಟಿಯೂ ಇಲ್ಲ, ಹಿಡಿ ಮೇಲೆ ಬಾಣದ ಗುರುತೂ ಇಲ್ಲ. ಇದಕ್ಕೊಂದು ಅಂಕ ಕಡಿಮೆ. ಮೊದಲು ಗಾಳಿಯಲ್ಲೇ ಹಿಡಿದು, ಬಿಟ್ ಯಾವ ಕಡೆ ತಿರುಗುತ್ತದೆ ಅಂತ ಕೈಯಲ್ಲಿ ಒತ್ತಿ ನೋಡಿ.

ಸುತ್ತಿಗೆಯೂ ಮುಖ್ಯ. ಮೊಳೆ ಹೊಡೆಯುವ ಪುಟ್ಟ ಸುತ್ತಿಗೆಯಲ್ಲಿ ಟಕ ಟಕ ಅಂತ ನೂರು ಸಲ ಹೊಡೆದರೂ ಪ್ರಯೋಜನವಿಲ್ಲ. ಒಂದು ಕೆಜಿಯದ್ದು ಬೇಕು, ಹೊಡೆತ ನೇರವಾಗಿ ಬೀಳಬೇಕು. ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ. ಇನ್ನೊಂದು ಮಾತು, ಬಾರ್ ಎಂಡ್‌ಗೆ ಹೊಡೆದಾಗ ಇಡೀ ಬೈಕ್ ಪಕ್ಕಕ್ಕೆ ವಾಲುತ್ತದೆ. ಸೈಡ್ ಸ್ಟ್ಯಾಂಡ್ ನಂಬಿಕೊಳ್ಳಬೇಡಿ. ನಾನು ಮೇನ್ ಸ್ಟ್ಯಾಂಡ್ ಹಾಕಿದೆ, ನನ್ನ ತಮ್ಮ ಆ ಕಡೆಯ ಹ್ಯಾಂಡಲ್ ತುದಿಗೆ ಸೊಂಟ ಕೊಟ್ಟು ನಿಂತ. ಪ್ರತಿ ಪೆಟ್ಟಿಗೂ ಅವನದ್ದೊಂದು "ಅಯ್ಯೋ". ಮೇಲಿನ ಮನೆ ಅಜ್ಜಿ ಬಾಲ್ಕನಿಯಿಂದ ಬಗ್ಗಿ, "ಏನಪ್ಪಾ, ಭಾನುವಾರ ಬೆಳಿಗ್ಗೆನೇ ಕಮ್ಮಾರಸಾಲೆ ತೆಗೆದಿದ್ದೀಯಾ?" ಅಂತ ಕೇಳಿದರು.

ದಿಕ್ಕು ಸರಿ ಮಾಡಿ, ನಂಬರ್ 3 ಬಿಟ್ ಹಾಕಿ, ಬಿಟ್ ತುದಿಗೆ ಸ್ವಲ್ಪ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿದೆ. ಮರಳಿನಂಥ ಪೇಸ್ಟ್ ಅದು, ಜೆಸಿ ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಚಿಕ್ಕ ಡಬ್ಬಿ ಸಿಗುತ್ತದೆ, ಸವೆದ ತಲೆಯಲ್ಲೂ ಬಿಟ್‌ಗೆ ಹಿಡಿತ ಬರುತ್ತದೆ. ಮೂರನೇ ಪೆಟ್ಟಿಗೆ ಸದ್ದು ಬದಲಾಯ್ತು. ಅದುವರೆಗೆ ಠಣ್ ಅನ್ನುತ್ತಿದ್ದದ್ದು ಟಪ್ ಅಂತು. ಬಲಗಡೆ ಸ್ಕ್ರೂ ಬಂತು. ಆಮೇಲೆ ಬೆರಳಲ್ಲೇ ತಿರುಗಿಸಿ ತೆಗೆದೆ.

ಎಡಗಡೆಯದ್ದು ಇಷ್ಟು ಸುಲಭವಿರಲಿಲ್ಲ. ಸ್ಕ್ರೂ ತಿರುಗುತ್ತಿತ್ತು, ಆದರೆ ಅದರ ಜೊತೆ ಪೈಪ್ ಒಳಗಿನ ಭಾರವೂ ಗರಗರ ತಿರುಗುತ್ತಿತ್ತು. ಆ ಭಾರವನ್ನು ಒಳಗೆ ಹಿಡಿದಿಡುವುದು ರಬ್ಬರ್, ಅದು ಹಳತಾಗಿ ಸೋತಿತ್ತು. ಬಲಗಡೆ ಸ್ಕ್ರೂ ನೋಡಿದರೆ ಥ್ರೆಡ್ ಪೂರ್ತಿ ನೀಲಿ ಪುಡಿ, ಅಂದರೆ ಥ್ರೆಡ್‌ಲಾಕ್ ಅಂಟು. ಅದಕ್ಕೇ ಎಣ್ಣೆ ಹೊಡೆದದ್ದು ದಂಡವಾಯ್ತು. ಎಣ್ಣೆ ತುಕ್ಕಿಗೆ ಮದ್ದು, ಈ ಅಂಟಿಗಲ್ಲ. ಅಂಟಿಗೆ ಬಿಸಿ ಬೇಕು. ಪಕ್ಕದ ಮನೆಯವರ ಹಾಟ್ ಏರ್ ಗನ್ ತಂದು ಸ್ಕ್ರೂ ತಲೆಗೆ ಐದು ನಿಮಿಷ ಕಾಯಿಸಿದೆ (ಗ್ರಿಪ್ ಹೇಗಿದ್ದರೂ ಹೊಸದು ಹಾಕುವುದಿತ್ತು, ಅದು ಕರಗಿದರೆ ಕರಗಲಿ ಅಂತ). ಬಿಸಿ ಇರುವಾಗಲೇ ಡ್ರೈವರ್ ಇಟ್ಟು ಜೋರಾಗಿ ಒಂದೇಟು. ಮೆಲ್ಲಗೆ ತಿರುಗಿಸಿದರೆ ಒಳಗಿನ ಭಾರಕ್ಕೆ ಜೊತೆಯಲ್ಲಿ ತಿರುಗಲು ಪುರುಸೊತ್ತು ಸಿಗುತ್ತೆ, ಪೆಟ್ಟು ಹಾಕಿದರೆ ಸಿಗಲ್ಲ. ಎರಡನೇ ಏಟಿಗೆ ಬಿಟ್ಟಿತು. ಈ ಉಪಕರಣ ಇಲ್ಲದಿದ್ದರೆ ಹಳೆಯ ಬಾರನ್ನು ಗರಗಸದಲ್ಲಿ ಕೊಯ್ಯಬೇಕಿತ್ತು.

ಕ್ಲ್ಯಾಂಪ್‌ನ ನಾಲ್ಕು ಅಲನ್ ಬೋಲ್ಟ್‌ಗಳಲ್ಲಿ ಮೂರು ಆರಾಮಾಗಿ ಬಂದವು. ನಾಲ್ಕನೆಯದನ್ನು ನಾನೇ ಕೆಡಿಸಿದೆ. ತುದಿ ಗುಂಡಗಿರುವ ಅಲನ್ ಕೀ ಹಾಕಿ ಎಳೆದೆ, ಒಳಗಿನ ಆರು ಮೂಲೆಯೂ ಸವೆದು ದುಂಡಗಾಯ್ತು. ಗುಂಡು ತುದಿ ಇರುವುದು ಸಡಿಲವಾದ ಬೋಲ್ಟನ್ನು ಬೇಗ ತಿರುಗಿಸಲಿಕ್ಕೆ, ಬಿಗಿ ಬಿಡಿಸಲಿಕ್ಕಲ್ಲ. ಕೊನೆಗೆ ಸ್ವಲ್ಪ ದೊಡ್ಡ ಟಾರ್ಕ್ಸ್ ಬಿಟ್ (ಆರು ಮೂಲೆಯ ನಕ್ಷತ್ರದಂಥ ತುದಿ) ಒಂದನ್ನು ಆ ಗುಳಿಗೆ ಸುತ್ತಿಗೆಯಲ್ಲಿ ಬಡಿದು ಕೂರಿಸಿ, ಉದ್ದನೆಯ ಹ್ಯಾಂಡಲ್ ಹಾಕಿ ತಿರುಗಿಸಿದೆ. ಅಲ್ಲಿ ಇಂಪ್ಯಾಕ್ಟ್ ಡ್ರೈವರ್ ಬಳಸಬಹುದಿತ್ತು, ಬೇಕಂತಲೇ ಬಿಟ್ಟೆ. ಕ್ಲ್ಯಾಂಪ್ ಮೇಲೆ ಬಿದ್ದ ಪೆಟ್ಟು ನೇರ ಕೋನ್ ಸೆಟ್‌ಗೆ, ಅಂದರೆ ಹ್ಯಾಂಡಲ್ ತಿರುಗಲು ಇರುವ ಬೇರಿಂಗ್ ಜೋಡಣೆಗೆ, ಹೋಗುತ್ತದೆ, ಅದರ ಬೇರಿಂಗ್ ಕೂರುವ ಜಾಗ ಗುಳಿ ಬಿದ್ದರೆ ಒಂದು ಬೋಲ್ಟ್ ಬಿಡಿಸಲು ಹೋಗಿ ಸಾವಿರಾರು ಕಳೆದಂತೆ.

ಇದನ್ನು ಹಾಕಲೇಬಾರದ ಜಾಗ ಸ್ವಿಚ್ ಡಬ್ಬಿ. ಹತ್ತು ವರ್ಷ ಬಿಸಿಲು ತಿಂದ ಪ್ಲಾಸ್ಟಿಕ್ ಅದು, ಒಂದೇಟಿಗೆ ಸೀಳುತ್ತದೆ. ಅಲ್ಲಿ ಸರಿ ಅಳತೆಯ ಒಳ್ಳೆ ಸ್ಕ್ರೂಡ್ರೈವರ್, ಅಂಗೈ ತುಂಬ ಒತ್ತಡ, ತಾಳ್ಮೆ. ಅಷ್ಟೇ.

ಈಗ ಅಂಗಡಿಯವರ ಮಾತಿಗೆ ಬರೋಣ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಎರಡು ಸ್ಕ್ರೂಗಳಿಗೂ ಚಿಕ್ಕ ಪೆಟ್ಟು ಹಾಕಿದೆ, ಆಯಿಲ್ ಬದಲಾಯಿಸೋಣ ಅಂತ. ಸ್ಕ್ರೂಗೆ ಏನೂ ಆಗಲಿಲ್ಲ, ನಂಬರ್ 2 ಬಿಟ್‌ನ ಒಂದು ರೆಕ್ಕೆ ಮುರಿದು ಕೆಳಗೆ ಬಿತ್ತು! ಮತ್ತೆ ಎಸ್‌ಪಿ ರಸ್ತೆ, ಅದೇ ಅಂಗಡಿ. ಅವರು ನಗಲಿಲ್ಲ ಅನ್ನುವುದೇ ದೊಡ್ಡದು. 180 ರೂಪಾಯಿಗೆ ಎರಡು ಒಳ್ಳೆ ಬಿಟ್ ಕೊಟ್ಟರು, ಇವತ್ತಿಗೂ ತುದಿ ಮೊಂಡಾಗಿಲ್ಲ. ಜಪಾನಿ ಗಾಡಿಯಾದರೆ ಸ್ಕ್ರೂ ತಲೆಯಲ್ಲಿ ಒಂದು ಚಿಕ್ಕ ಚುಕ್ಕಿ ಇದೆಯಾ ನೋಡಿ. ಇದ್ದರೆ ಅದು ಜೆಐಎಸ್ (ಜಪಾನಿನ ಅಳತೆ ಮಾನದಂಡ) ಸ್ಕ್ರೂ, ಅದಕ್ಕೆ ಜೆಐಎಸ್ ಬಿಟ್ ಮಾತ್ರ ಸರಿಯಾಗಿ ಕೂರುತ್ತದೆ. ಯಮಹಾ ಇರುವವರಿಗೆ ಇನ್ನೊಂದು ಕಿವಿಮಾತು, ಬಲಗಡೆ ಕನ್ನಡಿಯ ಥ್ರೆಡ್ ಉಲ್ಟಾ ಇರುತ್ತೆ. ಅದು ಬರ್ತಿಲ್ಲ ಅಂತ ಸುಮ್ನೆ ಬಲ ಹಾಕಬೇಡಿ.

ಹೊಸ ಬಾರ್ ಕೂರಿಸುವಾಗ ತೊಂದರೆ ಕೊಟ್ಟದ್ದು ಒಂದೇ. ಸ್ವಿಚ್ ಡಬ್ಬಿ ಒಳಗೆ ಒಂದು ಚಿಕ್ಕ ಮೊಳಕೆಯಂಥ ಪಿನ್ ಇದೆ, ಅದಕ್ಕೆ ಬಾರ್‌ನಲ್ಲಿ ತೂತು ಬೇಕು. ಅಳೆದು, ಗುರುತು ಹಾಕಿ, ಮತ್ತೆ ಅಳೆದು ಕೊರೆದೆ. ಎಲ್ಲ ಮುಗಿದ ಮೇಲೆ ಎಂಜಿನ್ ಶುರು ಮಾಡಿ ಹ್ಯಾಂಡಲನ್ನು ಎಡದ ಕೊನೆಯಿಂದ ಬಲದ ಕೊನೆಗೆ ತಿರುಗಿಸಿ ನೋಡಿದೆ. ಹಾಗೆ ತಿರುಗಿಸುವಾಗ ತಾನಾಗಿಯೇ ರೇಸ್ ಏರಿದರೆ ಕೇಬಲ್ ಎಳೆಯುತ್ತಿದೆ ಅಂತ ಅರ್ಥ, ಹಾಗೆ ರಸ್ತೆಗೆ ಇಳಿಸಬಾರದು. ನನ್ನದು ಏರಲಿಲ್ಲ.

ಐದಕ್ಕೆ ನಾಲ್ಕು ಕೊಡ್ತೇನೆ. ಸ್ಕ್ರೂ ತಲೆ ಕೆಟ್ಟ ಮೇಲೆ ಓಡಿ ಹೋಗಿ ತರುವುದಲ್ಲ, ಕೆಲಸಕ್ಕೆ ಕೈ ಹಾಕುವ ಮೊದಲೇ ತಂದಿಟ್ಟುಕೊಳ್ಳಿ, ಬಿಟ್ ಸೇರಿ 830 ಅಂತ ಲೆಕ್ಕ ಹಾಕಿಕೊಳ್ಳಿ. ಬಾರ್ ಎಂಡ್‌ಗೆ ಹಳೆಯ ಸ್ಟಾರ್ ಸ್ಕ್ರೂ ಮತ್ತೆ ಹಾಕಲಿಲ್ಲ. ಜೆಸಿ ರಸ್ತೆಯಲ್ಲಿ ಅದೇ ಅಳತೆಯ ಅಲನ್ ಬೋಲ್ಟ್ ಸಿಕ್ಕವು, ಜೋಡಿಗೆ 30 ರೂಪಾಯಿ. ನೀಲಿ ಥ್ರೆಡ್‌ಲಾಕ್ ಒಂದೊಂದೇ ಹನಿ ಹಾಕಿದ್ದೇನೆ.