ಒಂದೇ ಲೈನು, ಇಡೀ ಶಾಲೆ: ಮೈಕ್ರೋಟಿಕ್ ಹೆಕ್ಸ್ ವರ್ಷಗಟ್ಟಲೆ ಬಳಸಿದ ಮೇಲೆ

ಹೆಕ್ಸ್ ಅಂದರೆ ಮೈಕ್ರೋಟಿಕ್ ಕಂಪನಿಯ ಒಂದು ಪುಟ್ಟ ರೂಟರ್. ಮೊದಲೇ ಹೇಳಿಬಿಡುತ್ತೇನೆ, ಈ ಡಬ್ಬಿಯಲ್ಲಿ ವೈಫೈ ಇಲ್ಲ. ಐದು ಗಿಗಾಬಿಟ್ ಪೋರ್ಟು, ಒಂದು ಯುಎಸ್‌ಬಿ, 256 ಎಂಬಿ ಮೆಮೊರಿ, ಅಷ್ಟೇ. ವೈಫೈಗೆ ಬೇರೆ ಆಕ್ಸೆಸ್ ಪಾಯಿಂಟ್ ಹಾಕಿಕೊಳ್ಳಬೇಕು. ವಿರಾಜಪೇಟೆ ಕಡೆಯ ನಮ್ಮ ಶಾಲೆಯಲ್ಲಿ ಲ್ಯಾಬು, ಆಫೀಸು, ಸ್ಟಾಫ್ ರೂಮು, ಸ್ಮಾರ್ಟ್ ಕ್ಲಾಸು ಎಲ್ಲಕ್ಕೂ ಇರುವುದು ಒಂದೇ 100 ಎಂಬಿಪಿಎಸ್ ಫೈಬರ್ ಲೈನು. ಅದನ್ನು ಹಂಚುವ ಕೆಲಸ ಹೆಕ್ಸಿನ ಈ ಆರ್‌ಬಿ750ಜಿಆರ್3 ಮಾಡೆಲ್‌ದು.

ಮುಂಚೆ ಲೈನಿನ ಜೊತೆ ಬಂದ ರೂಟರ್ ಇತ್ತು. ಲ್ಯಾಬಿನಲ್ಲಿ ವಿಂಡೋಸ್ ಅಪ್‌ಡೇಟ್ ಇಳಿಯಲು ಶುರುವಾದರೆ ಸಾಕು, ಆಫೀಸಿನಲ್ಲಿ ಸ್ಯಾಟ್ಸ್ (ಮಕ್ಕಳ ದಾಖಲೆ ತುಂಬುವ ಸರ್ಕಾರಿ ವೆಬ್‌ಸೈಟು) ಪೇಜು ಸುಮ್ನೆ ಸುತ್ತುತ್ತಾ ಕೂರುತ್ತಿತ್ತು. 200 ಎಂಬಿಪಿಎಸ್ ಪ್ಲಾನ್ ತಗೊಳ್ಳೋಣ ಅಂತ ಎಲ್ಲರೂ ಹೇಳಿದರು. ನಾನು ಬೇಡ ಅಂದೆ. ಕಂಪ್ಯೂಟರ್‌ಗಳು ಇದ್ದಷ್ಟನ್ನೂ ಎಳೆದುಕೊಳ್ಳುತ್ತವೆ, 200 ಕೊಟ್ಟರೆ 200 ತಿನ್ನುತ್ತವೆ, ಅಲ್ವಾ?

ಹೆಕ್ಸಿನಲ್ಲಿ ಪಿಸಿಕ್ಯೂ ಅಂತ ಒಂದು ಕ್ಯೂ ಇದೆ, ಅಂದರೆ ಟ್ರಾಫಿಕ್ ಅನ್ನು ಸಾಲಿನಲ್ಲಿ ನಿಲ್ಲಿಸಿ ಬಿಡುವ ವ್ಯವಸ್ಥೆ. ನನ್ನ ಮಟ್ಟಿಗೆ ದುಡ್ಡು ಕೊಟ್ಟಿದ್ದೇ ಇದಕ್ಕೆ. ಆ ಹೊತ್ತಿಗೆ ಯಾರ್ಯಾರು ನೆಟ್ ಎಳೆಯುತ್ತಿದ್ದಾರೋ ಅವರಿಗೆಲ್ಲ ಸಮನಾಗಿ ಹಂಚುತ್ತದೆ. ನಲವತ್ತು ಜನ ಒಟ್ಟಿಗೆ ಎಳೆದರೆ ತಲಾ ಎರಡೂವರೆ ಎಂಬಿಪಿಎಸ್ ಹತ್ತಿರ, ಹತ್ತೇ ಜನ ಇದ್ದರೆ ಹತ್ತರ ಹತ್ತಿರ. ಒಟ್ಟು ಮಿತಿಯನ್ನು ಮಾತ್ರ ಲೈನಿನ ವೇಗಕ್ಕಿಂತ ಸ್ವಲ್ಪ ಕಡಿಮೆ ಇಡಿ, ನಮ್ಮಲ್ಲಿ 95 ಇದೆ. ಆಗ ಸಾಲು ನಿಲ್ಲುವುದು ನಮ್ಮ ಡಬ್ಬಿಯಲ್ಲಿ, ಇಂಟರ್ನೆಟ್ ಕಂಪನಿಯವರ ಕಡೆ ಅಲ್ಲ, ವಿಡಿಯೋ ಕಾಲ್ ತಡವರಿಸುವುದಿಲ್ಲ. ಇನ್ನೊಂದು ವಿಷಯ, ವೇಗಕ್ಕಾಗಿ ಟ್ರಾಫಿಕ್ ಅನ್ನು ಅಡ್ಡದಾರಿಯಲ್ಲಿ ಕಳಿಸುವ ಫಾಸ್ಟ್‌ಟ್ರ್ಯಾಕ್ ರೂಲ್ ಮೊದಲೇ ಆನ್ ಆಗಿ ಬರುತ್ತದೆ, ಅದನ್ನು ತೆಗೆಯದಿದ್ದರೆ ಟ್ರಾಫಿಕ್ ಈ ಕ್ಯೂ ತಪ್ಪಿಸಿಕೊಂಡು ಹೋಗುತ್ತದೆ. ಕ್ಯೂ ಕೆಲಸ ಮಾಡ್ತಿಲ್ಲ ಅನ್ನುವವರು ಮೊದಲು ಅದನ್ನು ನೋಡಿ. ಇದರ ಸಾಫ್ಟ್‌ವೇರ್ ರೂಟರ್‌ಓಎಸ್, ಅದರ 7ನೇ ಆವೃತ್ತಿಯಲ್ಲಿ ಕೇಕ್ ಅನ್ನುವ ಹೊಸ ಕ್ಯೂ ಕೂಡ ಇದೆ, ನಾನು ಪಿಸಿಕ್ಯೂ ಬಿಟ್ಟಿಲ್ಲ.

ಐಪಿ ವಿಳಾಸದ ಲೆಕ್ಕವನ್ನೂ ನೋಡಿಕೊಳ್ಳಿ. ಮಾಮೂಲಿ /24 ನೆಟ್‌ವರ್ಕಿನಲ್ಲಿ ಸಿಗುವುದು 254 ವಿಳಾಸ. ಈಗಿನ ಫೋನುಗಳು ಮ್ಯಾಕ್ ವಿಳಾಸ (ನೆಟ್‌ವರ್ಕಿಗೆ ತೋರಿಸುವ ಗುರುತು) ಬದಲಿಸಿಕೊಂಡು ಒಂದೊಂದೂ ಎರಡು ಮೂರು ಐಪಿ ವಿಳಾಸ ಹಿಡಿದು ಕೂರಬಹುದು. ನೆಟ್‌ವರ್ಕ್ ದೊಡ್ಡದು ಮಾಡಿ /22 ಇಟ್ಟರೆ 1022 ಸಿಗುತ್ತದೆ. ಅದಕ್ಕಿಂತ ಲ್ಯಾಬು, ಆಫೀಸು, ಸ್ಟಾಫ್ ರೂಮು, ವೈಫೈಗೆ ಬೇರೆ ಬೇರೆ ವಿಲ್ಯಾನ್ (ಒಂದೇ ಸಲಕರಣೆಯ ಮೇಲೆ ಪ್ರತ್ಯೇಕ ನೆಟ್‌ವರ್ಕ್) ಮಾಡುವುದು ಒಳ್ಳೆಯದು. ಸ್ಟಾಫ್ ರೂಮಿನಲ್ಲಿ ಯಾರೋ ಮನೆಯಿಂದ ಹಳೇ ರೂಟರ್ ತಂದು ಚುಚ್ಚಿ, ಅದು ತಪ್ಪು ಐಪಿ ವಿಳಾಸ ಹಂಚಿದರೂ ಲ್ಯಾಬ್ ಮಲಗುವುದಿಲ್ಲ.

ಇದು ಎಲ್ಲರಿಗೂ ಅಲ್ಲ. ನೆಟ್‌ವರ್ಕ್ ಗೊತ್ತಿಲ್ಲದವರಿಗೆ ಇದರ ಸೆಟ್ಟಿಂಗ್ ಮಾಡುವ ವಿನ್‌ಬಾಕ್ಸ್ ಆ್ಯಪ್ ತೆರೆದ ತಕ್ಷಣ ತಲೆ ತಿರುಗುತ್ತದೆ. ಅಪ್‌ಡೇಟ್ ಮಾಡುತ್ತಲೇ ಇರಬೇಕು. 2018ರಲ್ಲಿ ವಿನ್‌ಬಾಕ್ಸ್‌ನಲ್ಲಿ ದೊಡ್ಡ ಭದ್ರತಾ ದೋಷ ಸಿಕ್ಕಿತ್ತು, ಹೊರಗಿನಿಂದ ಅದರ ಪೋರ್ಟ್ ತೆರೆದಿಡಲೇಬೇಡಿ.

ನಮ್ಮ ಕೊಡಗಿನವರಿಗೆ ಒಂದು ಮಾತು. ಏಪ್ರಿಲ್-ಮೇ ಗುಡುಗು ಮಳೆಗೆ ಮುಂಚೆ ಕಟ್ಟಡದಿಂದ ಕಟ್ಟಡಕ್ಕೆ ಎಳೆದಿರುವ ತಾಮ್ರದ ಕೇಬಲ್ ತೆಗೆದು ಫೈಬರ್ ಹಾಕಿಸಿ. ಸಿಡಿಲು ಹತ್ತಿರ ಬಡಿದರೆ ತಾಮ್ರದಲ್ಲಿ ನುಗ್ಗಿ ಎರಡೂ ಕಡೆಯ ಸ್ವಿಚ್ ಸುಡಬಹುದು. ಜುಲೈನಲ್ಲಿ ತೋಟದ ಸಿಲ್ವರ್ ಓಕ್ ಲೈನಿನ ಮೇಲೆ ಬಿದ್ದರೆ ಯಾವ ರೂಟರೂ ಏನೂ ಮಾಡಲಾರದು. ಅದಕ್ಕೇ ಯುಎಸ್‌ಬಿಗೆ 4ಜಿ ಡಾಂಗಲ್ ಹಾಕಿಟ್ಟಿದ್ದೇವೆ. ಫೈಬರ್ ಹೋದರೆ ಆಫೀಸು ಮಾತ್ರ ಅದರ ಮೇಲೆ ಓಡುತ್ತದೆ. ಲ್ಯಾಬಿಗೆ ಆಗ ನೆಟ್ ಇಲ್ಲ, ಮಕ್ಕಳಿಗೆ ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್.

ಈಗ ಕೊಳ್ಳುವವರು 2024ರಲ್ಲಿ ಬಂದ 512 ಎಂಬಿಯ ಹೊಸ ಹೆಕ್ಸ್ ನೋಡಿ. ಗಿಗಾಬಿಟ್ ಲೈನಿಗೆ ಕ್ಯೂ ಹಾಕಿ ಪೂರ್ತಿ ವೇಗ ಬೇಕೆಂದರೆ ನಮ್ಮ ಈ ಹಳೇ ಹೆಕ್ಸಿನಲ್ಲಿ ಕಷ್ಟ, ದೊಡ್ಡ ಮಾಡೆಲ್‌ಗೇ ಹೋಗಿ.