ಕುದುರೆಗೆ ಮಸಾಜ್ ಗನ್: ಕೊಳ್ಳುವ ಮುನ್ನ

ಮನುಷ್ಯರಿಗೆಂದು ಮಾಡಿದ ಮಸಾಜ್ ಗನ್ (ಸ್ನಾಯುಗಳನ್ನು ಪಟಪಟ ತಟ್ಟಿ ಸಡಿಲಿಸುವ ಕೈಯಂತ್ರ) ಕುದುರೆಗೂ ಆದೀತು. ಆದರೆ ಡಬ್ಬಿಯಲ್ಲಿ ಬರುವ, ಗನ್ನಿನ ತುದಿಗೆ ಸಿಕ್ಕಿಸುವ ನಾಲ್ಕೈದು ಹೆಡ್‌ಗಳಲ್ಲಿ ಕೆಲಸಕ್ಕೆ ಬರುವುದು ಮೆತ್ತನೆಯ ದುಂಡು ಹೆಡ್ ಒಂದೇ. ಬುಲೆಟ್ ಆಕಾರದ್ದನ್ನು ಎತ್ತಿಟ್ಟುಬಿಡಿ. ಅದು ಒಂದೇ ಕಡೆ ಗುದ್ದುತ್ತದೆ, ಕುದುರೆ ಬೆನ್ನು ತಗ್ಗಿಸಿ ತಪ್ಪಿಸಿಕೊಳ್ಳುತ್ತದೆ.

ದೊಡ್ಡ ತೊಡಕು ಸದ್ದು. ಮೊದಲು ದೂರದಲ್ಲೇ ಚಾಲೂ ಮಾಡಿ. ಕುದುರೆ ಕಿವಿ ಸಡಿಲಿಸಿದ ಮೇಲೆ ಅದರ ಭುಜದ ಮೇಲೆ ನಿಮ್ಮ ಅಂಗೈ ಊರಿ, ಆ ಕೈಯ ಮೇಲೆ ಗನ್ ತಾಗಿಸಿ. ಕಂಪನ ಒಗ್ಗಿದ ಬಳಿಕವಷ್ಟೇ ನೇರ ಮೈಗೆ. ಬೆನ್ನೆಲುಬಿನ ಮೇಲೆ ಬೇಡವೇ ಬೇಡ. ಅಲ್ಲಿಂದ ನಾಲ್ಕು ಬೆರಳು ಕೆಳಗೆ, ಅತಿ ಕಡಿಮೆ ವೇಗದಲ್ಲಿ, ಜಾಗಕ್ಕೆ ಅರ್ಧ ನಿಮಿಷ ಸಾಕು. ಗನ್ನಿನ ತೂಕವೇ ಸಾಲುತ್ತದೆ, ಒತ್ತಬೇಡಿ. ಕೆಳತುಟಿ ಜೋತು ತಲೆ ಇಳಿದರೆ ಹಿತವಾಗಿದೆ ಎಂದರ್ಥ. ಕಿವಿ ಹಿಂದಕ್ಕೆ ಮಡಚಿ ಬಾಲ ಬೀಸಿದರೆ ಅಲ್ಲಿಗೇ ನಿಲ್ಲಿಸಿ.

ಉದುರುಗೂದಲು, ದೂಳು ಗಾಳಿಕಂಡಿಗೆ ಸಿಕ್ಕಿ ಮೋಟಾರ್ ಬಿಸಿಯಾಗುತ್ತದೆ; ಮುಂಚೆಯೇ ಮೈ ಬ್ರಷ್ ಮಾಡಿ. (ಅರ್ಧ ಹಿತ ಆ ಬ್ರಷ್‌ನಿಂದಲೇ ಸಿಗುತ್ತದೆ ಅನ್ನಿ.) ಗಾಯ, ಊತ, ಜ್ವರ, ಕುಂಟು ಕಂಡರೆ ಪಶುವೈದ್ಯರೇ ನೋಡಬೇಕು. ಜೀನು ಒತ್ತಿ ಬಂದ ನೋವಿಗಂತೂ ಇದು ತಾತ್ಕಾಲಿಕ ಶಮನ, ಸರಿಪಡಿಸಬೇಕಾದದ್ದು ಜೀನನ್ನು.